ತಿಗರಿ ಆಮೇಲೆ, ಮೊದಲು ಮಣ್ಣು

ಚಿಂಚಲಿಯ ತಂಗಿಗೆ,

ಕರೆಂಟಿನ ತಿಗರಿಗೆ ಎಷ್ಟು ದುಡ್ಡು ಕೂಡಿಡಬೇಕು ಎಂದು ಕೇಳಿದ್ದೀರಿ. ಸದ್ಯಕ್ಕೆ ಒಂದು ಪೈಸೆಯೂ ಬೇಡವ್ವ. ಕೆಲವು ತಿಂಗಳು ಕೈಯಲ್ಲೇ ಮಡಕೆ ಮಾಡಿ, ಬೆರಳಿಗೆ ಮಣ್ಣಿನ ಹದ ತಿಳಿಯಲಿ.

ನಿಮ್ಮ ಭಾಗದ ಎರೆಮಣ್ಣನ್ನೇ ನಂಬಿ ಕೂರಬೇಡಿ. ಬೇಸಿಗೆಯಲ್ಲಿ ಹೊಲ ಬಿರಿಯುವ ಹಾಗೆ ಮಡಕೆಯೂ ಬಿರಿಯುತ್ತದೆ. ಕೆರೆಮಣ್ಣು ತಂದು ನೆನೆಹಾಕಿ, ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಒಣಮಣ್ಣು ಜರಡಿ ಹಿಡಿಯಬೇಡಿ, ಆ ದೂಳು ಎದೆಗೆ ಕೆಟ್ಟದ್ದು. ಹದವಾದ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದಿದ್ದರೆ ಕೆಲಸಕ್ಕೆ ಬಂತು. ಅದೇ ಮಣ್ಣಿನ ಬಿಲ್ಲೆ ತಟ್ಟಿ 10 ಸೆಂ.ಮೀ. ಗೆರೆ ಎಳೆದು ಒಣಗಿಸಿ. ಗೆರೆ 9ಕ್ಕಿಂತ ಕಡಿಮೆಯಾದರೆ ಸಣ್ಣ ಮರಳು ಬೆರೆಸಿ.

ಉಳಿದ ಸಾಮಾನು ಮನೆಯಲ್ಲೇ ಇವೆ. ಎರಡು ಬಕೆಟ್, ನಾದಲು ಗೋಣಿ ಹಾಸಿದ ಹಲಗೆ, ಸ್ಪಂಜು, ಚೀಲ ಹೊಲಿಯುವ ದಬ್ಬಣ. ನೈಲಾನ್ ದಾರದ ಎರಡು ತುದಿಗೂ ಕಡ್ಡಿ ಕಟ್ಟಿದರೆ ಮಣ್ಣು ಕೊಯ್ಯಲು ಅದಕ್ಕಿಂತ ಒಳ್ಳೆಯದಿಲ್ಲ. ತೆಂಗಿನ ಚಿಪ್ಪಿನ ಚೂರೊಂದನ್ನು ಕಲ್ಲಿಗೆ ತಿಕ್ಕಿ ಅಂಚು ನುಣುಪು ಮಾಡಿಕೊಳ್ಳಿ. ಪಾತ್ರೆಯ ಮೈ ಸವರಲು ನಾನು ಇವತ್ತಿಗೂ ಬಳಸುವುದು ಅದನ್ನೇ.

ಕೊನೆಗೆ ಬಡಿಯುವ ಮರದ ಹಲಗೆ, ದುಂಡುಕಲ್ಲು. ನಮ್ಮ ಕುಂಬಾರರು ತಿಗರಿಯಲ್ಲಿ ಕಂಠ ಎತ್ತಿ, ಆಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಬಡಿದೇ ಕೊಡದ ಹೊಟ್ಟೆ ಉಬ್ಬಿಸುತ್ತಾರೆ. ಕುಂಬಾರ ಓಣಿಗೆ ಹೋಗಿ ಒಂದು ದಿನ ಸುಮ್ಮನೆ ಕೂತು ನೋಡಿ.

ತಿಗರಿ ಕಲಿಯಲು ನಮ್ಮ ಜಿಲ್ಲೆಯ ಖಾನಾಪುರದಲ್ಲೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ತರಬೇತಿ ಯಾವಾಗ ಎಂದು ವಿಚಾರಿಸಿ. ಅಲ್ಲಿ ಕೂತು ತಿರುಗಿಸಿ ನೋಡಿದ ಮೇಲೆಯೇ ತಿಗರಿ ಕೊಳ್ಳಿ.