ಬಲಭಾಗದಲ್ಲಿ ಸೊನ್ನೆಯೇ ಏಕೆ? – ವರ್ಗ ಸಮೀಕರಣ ಪಾಠದ ಒಂದು ಅನುಭವ

ಬೋಧನಾಭ್ಯಾಸದಲ್ಲಿ 10ನೇ ತರಗತಿಗೆ ‘ಅಪವರ್ತನ ವಿಧಾನದಿಂದ ವರ್ಗ ಸಮೀಕರಣ ಬಿಡಿಸುವುದು’ ಎಂಬ ಪಾಠವನ್ನು ತೆಗೆದುಕೊಂಡಿದ್ದೆ. ಮೊದಲ ದಿನ ಮಧ್ಯಪದವನ್ನು ಒಡೆಯುವ ಕ್ರಮವನ್ನು ಮೂರು ಉದಾಹರಣೆಗಳ ಮೂಲಕ ತೋರಿಸಿದೆ. ಮಕ್ಕಳು ಸರಾಗವಾಗಿ ಬಿಡಿಸಿದರು. ಪಾಠ ಚೆನ್ನಾಗಿ ಆಯಿತೆಂದೇ ಭಾವಿಸಿದೆ.

ಮೌಲ್ಯಮಾಪನಕ್ಕೆ ಈ ಲೆಕ್ಕ ಕೊಟ್ಟೆ: ಆಯತಾಕಾರದ ಹೂವಿನ ಮಡಿಯೊಂದರ ಉದ್ದವು ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 10 ಚದರ ಮೀಟರ್. ಅಗಲವೆಷ್ಟು? ಅಗಲವನ್ನು ‘ಅ’ ಎಂದಿಟ್ಟುಕೊಂಡು ಅ(ಅ + 3) = 10 ಎಂದು ಸರಿಯಾಗಿಯೇ ಬರೆದರು. ಆದರೆ ಮುಂದಿನ ಸಾಲಿನಲ್ಲಿ ಹಲವರು ಅ = 10 ಅಥವಾ ಅ + 3 = 10, ಆದ್ದರಿಂದ ಅ = 7 ಎಂದು ಮುಗಿಸಿದ್ದರು.

‘ಹೀಗೇಕೆ ಬರೆದೆಯಮ್ಮ?’ ಎಂದು ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ. ‘ನೀವೇ ಹಾಗೆ ಮಾಡಿದ್ರಲ್ಲ ಮಿಸ್, ಒಂದೊಂದು ಅಪವರ್ತನಕ್ಕೂ ಬಲಗಡೆ ಇರೋ ಸಂಖ್ಯೆ ಬರೆಯೋದು’ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸಂಜೆ ಪಾಠಯೋಜನೆಯನ್ನು ತೆರೆದು ನೋಡಿದೆ. ಮೂರೂ ಉದಾಹರಣೆಗಳಲ್ಲಿ ಬಲಭಾಗ ಸೊನ್ನೆಯೇ ಆಗಿತ್ತು. ಅದು ಏಕೆ ಸೊನ್ನೆ ಎಂದು ನಾನು ಒಂದು ಮಾತೂ ಹೇಳಿರಲಿಲ್ಲ. ನನ್ನ ಪಾಠದಿಂದ ಅರ್ಥವಾದಂತೆಯೇ ಆಕೆ ಬರೆದಿದ್ದಳು.

ಮರುದಿನ ಸಮೀಕರಣವನ್ನು ಬರೆಯದೆ ಆರಂಭಿಸಿದೆ. ‘ಎರಡು ಸಂಖ್ಯೆಗಳ ಗುಣಲಬ್ಧ 10. ಅವು ಯಾವುವು?’ 1 ಮತ್ತು 10, 2 ಮತ್ತು 5 ಎಂದರು. ಒಬ್ಬ ಹುಡುಗ ಅರ್ಧ ಮತ್ತು 20 ಎಂದ. ‘ಹಾಗಾದರೆ ಅವುಗಳಲ್ಲಿ ಒಂದು 10 ಆಗಿರಲೇಬೇಕೆ?’ ‘ಇಲ್ಲ ಮಿಸ್.’ ‘ಗುಣಲಬ್ಧ ಸೊನ್ನೆಯಾದರೆ?’ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ‘ಒಂದಾದರೂ ಸೊನ್ನೆ ಆಗ್ಲೇಬೇಕು’ ಎಂದಳು ಅದೇ ಹುಡುಗಿ.

ಬಳಿಕ ಹಿಂದಿನ ದಿನದ ಉತ್ತರಗಳನ್ನು ತಾಳೆ ನೋಡಿಸಿದೆ. ಅಗಲ 7 ಆದರೆ ವಿಸ್ತೀರ್ಣ 70. ಅಗಲ 10 ಆದರೆ 130. ಎರಡೂ ತಪ್ಪೆಂದು ಮಕ್ಕಳೇ ಕಂಡುಕೊಂಡರು. ಆದರ್ಶ ರೂಪಕ್ಕೆ ತಂದಾಗ:

ಅ² + 3ಅ − 10 = 0
(ಅ + 5)(ಅ − 2) = 0
ಅ = −5 ಅಥವಾ ಅ = 2

ಸಮೀಕರಣಕ್ಕೆ ಎರಡೂ ಮೂಲಗಳು ಸರಿ. ಆದರೆ ಅಗಲ ಋಣಸಂಖ್ಯೆಯಾಗದು. ಆದ್ದರಿಂದ ಅಗಲ 2 ಮೀಟರ್, ಉದ್ದ 5 ಮೀಟರ್.

ಈಗ ನನ್ನ ಪಾಠಯೋಜನೆಯಲ್ಲಿ ಮೂರು ಬದಲಾವಣೆ ಮಾಡಿಕೊಂಡಿದ್ದೇನೆ: ಮಧ್ಯಪದ ಒಡೆಯುವ ಮೊದಲೇ ಸೊನ್ನೆ ಗುಣಲಬ್ಧದ ಚರ್ಚೆ, ಬಲಭಾಗ ಸೊನ್ನೆಯಲ್ಲದ ಒಂದು ಉದಾಹರಣೆಯಾದರೂ, ಉತ್ತರ ತಾಳೆ ನೋಡಲು ಕೊನೆಯ 5 ನಿಮಿಷ. ಮಕ್ಕಳ ತಪ್ಪು ಉತ್ತರಕ್ಕೆ ಗೀಟು ಹಾಕುವ ಮೊದಲು ‘ಏಕೆ?’ ಎಂದು ಕೇಳುವುದನ್ನೂ ರೂಢಿಸಿಕೊಳ್ಳುತ್ತಿದ್ದೇನೆ.