ಪ್ಲಗ್ಗಿನ ಥ್ರೆಡ್ ಹೋದರೆ



ಬಾಟಲಿ ಮುಚ್ಚಳದ ಒಳಗೆ ನೋಡಿ. ಸುತ್ತು ಗೆರೆ ಇದೆ. ಇದೇ ಥ್ರೆಡ್. ಮುಚ್ಚಳ ಸೊಟ್ಟಗೆ ತಿರುಗಿಸಿದರೆ ಏನಾಗ್ತದೆ? ಗೆರೆ ಹಾಳಾಗ್ತದೆ. ಮುಚ್ಚಳ ಬಿಗಿಯಾಗಿ ಕೂರೋದಿಲ್ಲ.

ಪೆಟ್ರೋಲ್ ಕಾರಿನಲ್ಲೂ ಹೀಗೆಯೇ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಪೆಟ್ರೋಲ್ ಹೊತ್ತುತ್ತದೆ. ಪ್ಲಗ್ಗಿನ ಥ್ರೆಡ್ ಉಕ್ಕಿನದು. ಅದು ಕೂರುವ ಹೆಡ್ ಹೆಚ್ಚಾಗಿ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಮೆತ್ತಗೆ. ಪ್ಲಗ್ಗನ್ನು ಸೊಟ್ಟಗೆ ತಿರುಗಿಸಿದರೆ, ಅತಿಯಾಗಿ ಬಿಗಿದರೆ ಹೆಡ್ಡಿನ ಥ್ರೆಡ್ ಹೋಗುತ್ತದೆ. ಪ್ಲಗ್ಗು ಹೊರಗೆ ಸಿಡಿಯಲೂಬಹುದು.

ಮಧುಗಿರಿಗೆ ಬಾಡಿಗೆ ಓಡುವ ಕಾರು ನಿಂತರೆ ಅಂದಿನ ದುಡಿಮೆಯೂ ನಿಂತಂತೆ. ಹೊಸ ಹೆಡ್ ಹಾಕಿಸಲು ಖರ್ಚು ಬಹಳ. ಮೊದಲು ನಾವು ಕೇಳೋಣ: "ಹೆಲಿಕಾಯಿಲ್ ಹಾಕೋಕಾಗಲ್ವಾ?" ಹೆಲಿಕಾಯಿಲ್ ಅಂದರೆ ಉಕ್ಕಿನ ತಂತಿ ಸುರುಳಿ. ಇದೇ ಹೊಸ ಥ್ರೆಡ್ ಆಗುತ್ತದೆ. ಆ ಪ್ಲಗ್ಗಿನ ಅಳತೆಯ ಸಾಮಾನು ಇದ್ದರೆ, ಕೆಲಸ ಬಲ್ಲವರು ಮನೆಯಲ್ಲೇ ಮಾಡಬಹುದು.

ಮಾಡುವ ಕ್ರಮ:

1. ಇಂಜಿನ್ ತಣ್ಣಗಾಗಲಿ. ಪ್ಲಗ್ಗಿನ ಸುತ್ತ ಧೂಳು ತೆಗೆದು, ಆಮೇಲೆ ಪ್ಲಗ್ಗು ಬಿಚ್ಚಬೇಕು.

2. ಥ್ರೆಡ್ ಕೊರೆಯುವ ಟ್ಯಾಪಿಗೆ ಗ್ರೀಸ್ ಹಚ್ಚಬೇಕು. ಲೋಹದ ಚೂರು ಗ್ರೀಸಿಗೆ ಅಂಟುತ್ತದೆ. ಟ್ಯಾಪನ್ನು ನೇರವಾಗಿ, ನಿಧಾನವಾಗಿ ತಿರುಗಿಸಬೇಕು.

3. ಸುರುಳಿ ಕೂರಿಸಬೇಕು. ಅದರ ತುದಿಯ ಕಡ್ಡಿ ಮುರಿದು ಹೊರಗೆ ತೆಗೆಯಬೇಕು.

4. ಒಳಗೆ ಬಿದ್ದ ಚೂರನ್ನೆಲ್ಲ ತೆಗೆಯಬೇಕು. ಉಳಿದರೆ ಇಂಜಿನ್ ಒಳಗೆ ಗೀರುತ್ತದೆ.

5. ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಬೇಕು. ಪೂರ್ತಿ ಕೂತ ಮೇಲೆ ಸ್ಪ್ಯಾನರ್ ಹಿಡಿಯಬೇಕು. ವಾಷರ್ ಇರುವ ಹೊಸ ಪ್ಲಗ್ಗಿಗೆ ಸುಮಾರು ಅರ್ಧ ಸುತ್ತು ಸಾಕು.

ಅಂಟು ಮೆತ್ತಿ ಪ್ಲಗ್ಗು ನಿಲ್ಲಿಸಬೇಡಿ. ಅದು ಅಪಾಯ.

ನೆನಪಿಡೋಣ: ಮೊದಲು ಕೈ, ಆಮೇಲೆ ಸ್ಪ್ಯಾನರ್.

ಓದಿ, ಉತ್ತರ ಹೇಳಿ:
ಉಕ್ಕು, ಅಲ್ಯೂಮಿನಿಯಂ – ಯಾವುದು ಮೆತ್ತಗೆ?
ಟ್ಯಾಪಿಗೆ ಗ್ರೀಸ್ ಯಾಕೆ ಹಚ್ಚಬೇಕು?