ಕಲಿಕೆಯ ತರುವಾಯದ ಸೂಚನೆ ಮತ್ತು ಪ್ರಾಣಿಸ್ಮೃತಿ

‘ಆಮಿಷ’ವು ಕ್ರಿಯೆಗೆ ಮುನ್ನ ಒಡ್ಡುವಂಥದು, ‘ಪ್ರತಿಫಲ’ವು ಕ್ರಿಯೆಯ ಅನಂತರ ದೊರೆಯುವಂಥದು. ಕಾಚಿಗೂಡದ ಕನ್ನಡ ಶಾಲೆಯ ಮಗುವೊಂದು ಪದ್ಯ ಒಪ್ಪಿಸಿ ಪೆಪ್ಪರಮೆಂಟು ಪಡೆದರೆ ಅದು ಪ್ರತಿಫಲ. ಪದ್ಯ ಕಲಿತು ಮುಗಿದ ಮೇಲೆ ಪೆಪ್ಪರಮೆಂಟಿನ ಡಬ್ಬಿಯ ಸದ್ದಷ್ಟೇ ಕೇಳಿಸಿದರೆ? ಅದು ಆಮಿಷವೂ ಅಲ್ಲ, ಪ್ರತಿಫಲವೂ ಅಲ್ಲ, ಪ್ರತಿಫಲದ ಸೂಚನೆ. ಈ ಮೂರನೆಯದರ ಕಾರ್ಯವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ.

ಕಲಿತದ್ದು ಕಲಿತೊಡನೆ ನೆಲೆಗೊಳ್ಳುವುದಿಲ್ಲವೆಂದು ಮ್ಯೂಲರ್ ಮತ್ತು ಪಿಲ್ಜೆಕರ್ 1900ರಲ್ಲಿಯೇ ಪ್ರತಿಪಾದಿಸಿದ್ದರು. ಹಾಲು ಹೆಪ್ಪುಗಟ್ಟುವುದಕ್ಕೆ ಹೇಗೋ ಹಾಗೆ ನೆನಪಿಗೂ ಕಾಲಾವಕಾಶ ಬೇಕು. 1974ರಲ್ಲಿ ಹ್ಯೂಸ್ಟನ್ ಮತ್ತು ಸಂಗಡಿಗರು, ಪೀಠದಿಂದ ಇಳಿದರೆ ವಿದ್ಯುದಾಘಾತವೆಂಬುದನ್ನು ಹಸಿದ ಚಿಕ್ಕ ಇಲಿಗಳಿಗೆ ಕಲಿಸಿ, ಒಡನೆಯೇ ಆಹಾರವಿತ್ತರು. ಥಾರ್ನ್‌ಡೈಕನ ಪರಿಣಾಮ ನಿಯಮದಂತೆ ಇಳಿಯುವ ಕ್ರಿಯೆಯೇ ಬಲಗೊಳ್ಳಬೇಕಿತ್ತು. ಬಲಗೊಂಡದ್ದು ಇಳಿಯಬಾರದೆಂಬ ನೆನಪು. ಆಹಾರವು ಪೋಷಿಸಿದ್ದು ಕ್ರಿಯೆಯನ್ನಲ್ಲ, ಹೆಪ್ಪುಗಟ್ಟುತ್ತಿದ್ದ ಸ್ಮೃತಿಯನ್ನು ಎಂದೇ ಇದನ್ನು ಅರ್ಥೈಸಬೇಕು.

ಸೂಚನೆಯೊಂದರದೇ ಬಲವು 2019ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ಕಾಣುತ್ತದೆ. ಇಲಿಗಳಿಗೆ ಕೆಲವು ವಸ್ತುಗಳನ್ನು ಪರಿಚಯಿಸಿದ ಬಳಿಕ, ಹಿಂದೆ ಅವು ಕೊಕೇನ್ ಅಥವಾ ನಿಕೋಟಿನ್ ಪಡೆದಿದ್ದ ಆವರಣಕ್ಕೆ, ಆ ದ್ರವ್ಯವನ್ನು ಕೊಡದೆಯೇ, ಬಿಡಲಾಯಿತು. ವಸ್ತುಗಳ ನೆನಪು ಗಟ್ಟಿಯಾಯಿತು. ವ್ಯಸನವು ಬೇರೂರುವ ಬಗೆಯನ್ನು ಅರಿಯಲು ಇದು ಮುಖ್ಯ: ದ್ರವ್ಯವಿಲ್ಲದಾಗಲೂ ಅದರ ತಾಣ ಕೆಲಸಮಾಡುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನ 1998ರ ಅಧ್ಯಯನವನ್ನು ಇದರೊಡನೆ ಬೆರೆಸಲಾಗದು. ಅಲ್ಲಿ ಮಿದುಳಿನ ಸ್ವಯಂಪ್ರಚೋದನೆಯ ಸುಖವುಂಡ ಇಲಿಗಳು ತರುವಾಯ ಹೆಚ್ಚು ಚೆನ್ನಾಗಿ ಕಲಿತವು. ಸುಖ ಮೊದಲು, ಕಲಿಕೆ ಆಮೇಲೆ.